ತೆರಿಗೆ ಅಲ್ಲಿ, ಭಾಷಣ ಇಲ್ಲಿ

ಪ್ರಶ್ನೆ: ನನಗೆ 43 ವರ್ಷ. 29ನೇ ವಯಸ್ಸಿಗೆ ಕೆಲಸ ಹುಡುಕಿಕೊಂಡು ಹೊರದೇಶಕ್ಕೆ ಬಂದವನು ಇಲ್ಲೇ ನೆಲೆ ನಿಂತೆ. ಕಾಯಂ ವಾಸಕ್ಕೆ ಅನುಮತಿ ಸಿಕ್ಕಿದೆ, ಪಾಸ್‌ಪೋರ್ಟ್ ಮಾತ್ರ ಇನ್ನೂ ಭಾರತದ್ದೇ. ತಿಂಗಳಿಗೆ ಎರಡು ಸಲ ನಮ್ಮವರ ಐದಾರು ಮನೆಯವರು ಸೇರುತ್ತೇವೆ. ಮೊದಲು ಮಕ್ಕಳ ಓದು, ಬಾಡಿಗೆ ಅಂತ ಮಾತು ಇರುತ್ತಿತ್ತು, ಈಗ ಬರೀ ರಾಜಕೀಯ. ಒಬ್ಬರು "ಈ ದೇಶದ ಕಥೆ ಮುಗೀತು. ಒಬ್ಬ ತಜ್ಞ ವೈದ್ಯರನ್ನು ನೋಡೋಕೆ ತಿಂಗಳುಗಟ್ಟಲೆ ಕಾಯಬೇಕು, ಚುನಾವಣೆ ಬಂದರೆ ವಲಸೆ ಬಂದವರನ್ನೇ ಬೈತಾರೆ. ನಮ್ಮ ದೇಶ ನೋಡಿ ಎಲ್ಲಿಗೆ ಹೋಗಿದೆ" ಅಂತಾರೆ. ಇನ್ನೊಬ್ಬರು "ಅಲ್ಲಿ ಒಂದು ಕಾಗದಕ್ಕೆ ಹತ್ತು ಸಲ ಅಲೆದಿದ್ದು ಮರೆತುಬಿಟ್ಟಿರಾ?" ಅಂತಾರೆ. ಎರಡು ಮನೆಯವರು ಬರುವುದನ್ನೇ ಬಿಟ್ಟಿದ್ದಾರೆ. ನನ್ನ ಪಾಡು ಇನ್ನೂ ವಿಚಿತ್ರ. ನಮ್ಮವರ ನಡುವೆ ಈ ದೇಶದ ಪರ ವಾದಿಸುತ್ತೇನೆ. ಆಫೀಸಿನಲ್ಲಿ ಯಾರಾದರೂ ಭಾರತದ ಬಗ್ಗೆ ಒಂದು ಮಾತಾಡಿದರೆ ಮೈಯೆಲ್ಲ ಉರಿಯುತ್ತದೆ. ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆದಾಗ ರಜೆ ಸಿಗದೆ ಹೋಗಲಾಗಲಿಲ್ಲ. ಅದಾಗಿ ಎರಡು ವಾರಕ್ಕೆ ಫೋನಿನಲ್ಲಿ ರಾಜ್ಯದ ರಾಜಕೀಯದ ಮಾತು ಬಂದು, ಅಣ್ಣ ರೇಗಿ, "ತೆರಿಗೆ ಅಲ್ಲಿ ಕಟ್ಟಿ, ಭಾಷಣ ಇಲ್ಲಿ ಮಾಡಬೇಡ" ಎಂದು ಫೋನ್ ಇಟ್ಟ. ಎರಡು ತಿಂಗಳಾಯಿತು, ಮಾತಿಲ್ಲ. ಮೊನ್ನೆ ನನ್ನ 16 ವರ್ಷದ ಮಗಳು ಕೇಳಿದಳು: "ಅಪ್ಪಾ, ನೀನು ಎಲ್ಲೂ ವೋಟ್ ಹಾಕಲ್ಲ, ಮತ್ತೆ ದಿನಾ ಯಾಕೆ ಜಗಳ?" ಉತ್ತರ ಹೊಳೆಯಲಿಲ್ಲ. ಎರಡೂ ಕಡೆ ಮಾತಾಡುವ ಹಕ್ಕು ನನಗಿದೆಯೇ? ಪೌರತ್ವದ ಅರ್ಜಿ ವರ್ಷದಿಂದ ಡ್ರಾಯರ್‌ನಲ್ಲಿದೆ, ಹಾಕಲೇ? ಅಥವಾ ವಾಪಸ್ ಹೋಗುವುದೇ ಸರಿಯೇ?

ಉತ್ತರ: ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನೀವು ಕೇಳಿದ್ದೆಲ್ಲದರ ಬೇರು ಅದರಲ್ಲಿದೆ. ಯಾವ ದೇಶ ಮೇಲು ಎಂಬ ಚರ್ಚೆಯಲ್ಲಿ ನೀವು ಸಿಕ್ಕಿಕೊಂಡಿಲ್ಲ. ಹದಿನಾಲ್ಕು ವರ್ಷದಿಂದ ಎರಡು ದೇಶಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ದೀರಿ, ಎರಡೂ ಕಡೆ ನಿಮ್ಮ ಮಾತು ಲೆಕ್ಕಕ್ಕೆ ಬಂದಿಲ್ಲ. ಲೆಕ್ಕಕ್ಕೆ ಬಾರದ ಮಾತು ದಿನೇದಿನೇ ಏರುದನಿಯಾಗುತ್ತದೆ. ವಲಸೆ ಮತ್ತು ಪೌರತ್ವದ ಸಲಹೆಗಾರನಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಕಂಡ ಮನೆಗಳಲ್ಲಿ ಈ ಜಗಳ ಇಲ್ಲದ ಮನೆ ಕಡಿಮೆ. ಬಂದವರು ವೀಸಾ ಕಾಗದ ಮುಂದಿಡುತ್ತಾರೆ, ಹತ್ತು ನಿಮಿಷ ಕಳೆದರೆ ಅಣ್ಣನ ಮಾತೋ ಸಹೋದ್ಯೋಗಿಯ ಮಾತೋ ಹೊರಗೆ ಬರುತ್ತದೆ.

ಮೊದಲು ಹಕ್ಕಿನ ವಿಷಯ. ದೇಶ ಬಿಟ್ಟವನಿಗೆ ಮಾತಾಡುವ ಹಕ್ಕಿಲ್ಲ ಎನ್ನುವುದು ಸಿಟ್ಟಿನ ಮಾತು, ಕಾನೂನಿನ ಮಾತಲ್ಲ. ಈ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಉತ್ತರ ಕೊಟ್ಟಿದೆ. ಫ್ರಾನ್ಸ್ ತನ್ನ ಸಂಸತ್ತಿನ ಕೆಳಮನೆಯ 577 ಸ್ಥಾನಗಳಲ್ಲಿ 11ನ್ನು ಹೊರದೇಶಗಳಲ್ಲಿರುವ ತನ್ನ ಪ್ರಜೆಗಳಿಗೇ ಮೀಸಲಿಟ್ಟಿದೆ. 2012ರಿಂದ ಅವರು ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುತ್ತಾರೆ. ಇಟಲಿಯಲ್ಲೂ ಇಂಥ ವ್ಯವಸ್ಥೆ ಇದೆ. ಬ್ರಿಟನ್‌ನಲ್ಲಿ ದೇಶ ಬಿಟ್ಟು 15 ವರ್ಷವಾದರೆ ಮತ ಹೋಗುತ್ತಿತ್ತು, ಆ ಮಿತಿಯನ್ನು 2024ರ ಜನವರಿಯಲ್ಲಿ ತೆಗೆದರು. ಇದರ ಎದುರು ಐರ್ಲೆಂಡ್ ಇದೆ. ಹೊರಗಿರುವ ಸಾಮಾನ್ಯ ಪ್ರಜೆಗೆ ಅಲ್ಲಿ ಅಂಚೆ ಮತವಿಲ್ಲ. 2015ರಲ್ಲಿ ಸಲಿಂಗ ವಿವಾಹದ ಬಗ್ಗೆ, 2018ರಲ್ಲಿ ಗರ್ಭಪಾತದ ಬಗ್ಗೆ ಜನಮತ ನಡೆದಾಗ, ಹೊರಗೆ ಹೋಗಿ ಬಹಳ ಕಾಲವಾಗದೆ ಹೆಸರು ಪಟ್ಟಿಯಲ್ಲಿ ಉಳಿದಿದ್ದ ಎಷ್ಟೋ ಮಂದಿ ಒಂದು ಮತ ಹಾಕುವುದಕ್ಕೆಂದು ವಿಮಾನ ಹತ್ತಿ ಬಂದರು.

ನಿಮಗೆ ಅನ್ವಯಿಸುವ ನಿಯಮ ಇವೆರಡರ ನಡುವಿನದು. 2010ರಲ್ಲಿ ಜನಪ್ರತಿನಿಧಿ ಕಾಯಿದೆಗೆ ತಿದ್ದುಪಡಿ ಆಯಿತು. ಬೇರೆ ದೇಶದ ಪೌರತ್ವ ಪಡೆಯದ, ಭಾರತದ ಪಾಸ್‌ಪೋರ್ಟ್ ಇರುವ ವ್ಯಕ್ತಿ ಪಾಸ್‌ಪೋರ್ಟ್‌ನಲ್ಲಿರುವ ವಿಳಾಸದ ಕ್ಷೇತ್ರದಲ್ಲಿ ಸಾಗರೋತ್ತರ ಮತದಾರನಾಗಿ ಹೆಸರು ಸೇರಿಸಬಹುದು. ಅದಕ್ಕೆ ಫಾರಂ 6ಎ ತುಂಬಬೇಕು. ಆದರೆ ಮತದಾನದ ದಿನ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೆ ಖುದ್ದಾಗಿ ಹೋಗಲೇಬೇಕು. ಬದಲಿ ವ್ಯಕ್ತಿಯ ಮೂಲಕ ಮತ ಹಾಕಲು ಅವಕಾಶ ಕೊಡುವ ಮಸೂದೆ 2018ರಲ್ಲಿ ಲೋಕಸಭೆಯನ್ನು ದಾಟಿತು, ರಾಜ್ಯಸಭೆಯಲ್ಲಿ ಅಂಗೀಕಾರವಾಗದೆ ಬಿದ್ದುಹೋಯಿತು. ಅಂದರೆ ನಿಮಗೆ ಹಕ್ಕು ಇದೆ, ಅದನ್ನು ಬಳಸಬೇಕಾದರೆ ವಿಮಾನದ ಟಿಕೆಟ್ ಬೇಕು. "ನನಗೆ ಎಲ್ಲೂ ಮತವಿಲ್ಲ" ಎಂದುಕೊಂಡು ಹದಿನಾಲ್ಕು ವರ್ಷ ಕಳೆದವರಲ್ಲಿ ನೀವು ಮೊದಲನೆಯವರಲ್ಲ. ಫಾರಂ 6ಎ ಹೆಸರನ್ನೇ ಕೇಳದವರು ನನ್ನ ಮುಂದೆ ಎಷ್ಟೋ ಜನ ಕೂತಿದ್ದಾರೆ.

ನೀವು ನೆಲೆ ನಿಂತ ದೇಶ ಯಾವುದೆಂದು ಬರೆದಿಲ್ಲ. ಅದು ಬ್ರಿಟನ್ ಆಗಿದ್ದರೆ ಮಗಳಿಗೆ ಹೇಳಲು ಬೇರೆಯೇ ಉತ್ತರ ಇತ್ತು. ಕಾಮನ್‌ವೆಲ್ತ್ ದೇಶದ ಪ್ರಜೆಯಾದ್ದರಿಂದ, ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ, ಪೌರತ್ವ ಪಡೆಯದೆಯೇ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ನ್ಯೂಜಿಲೆಂಡಿನಲ್ಲಿ ಕಾಯಂ ವಾಸಿಗಳಿಗೆ ರಾಷ್ಟ್ರೀಯ ಚುನಾವಣೆಯ ಮತವೇ ಇದೆ, ದೇಶದಲ್ಲಿ ಒಂದು ವರ್ಷ ವಾಸ ಮಾಡಿರಬೇಕು ಅಷ್ಟೆ. ಸ್ವೀಡನ್ 1976ರಿಂದಲೇ ವಿದೇಶಿ ನಿವಾಸಿಗಳಿಗೆ ಸ್ಥಳೀಯ ಚುನಾವಣೆಯ ಮತ ಕೊಟ್ಟಿದೆ, ನಮ್ಮಂಥವರಿಗೆ ಮೂರು ವರ್ಷದ ವಾಸ ಬೇಕು. ಐರ್ಲೆಂಡಿನಲ್ಲಿ ಸ್ಥಳೀಯ ಚುನಾವಣೆಗೆ ಅಲ್ಲಿ ವಾಸವಿದ್ದರೆ ಸಾಕು, ಪೌರತ್ವ ಯಾವ ದೇಶದ್ದೆಂದು ಕೇಳುವುದಿಲ್ಲ. ಅಮೆರಿಕದಲ್ಲಿ ಇದು ತಲೆಕೆಳಗು: ಪೌರರಲ್ಲದವರು ಫೆಡರಲ್ ಚುನಾವಣೆಯಲ್ಲಿ ಮತ ಹಾಕುವುದು 1996ರ ಕಾನೂನಿನಂತೆ ಅಪರಾಧ, ದೇಶದಿಂದ ಹೊರಹಾಕುವುದಕ್ಕೂ ಅದು ಕಾರಣವಾಗುತ್ತದೆ. ಅಲ್ಲಿ ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲೇ ಮತದಾರರ ನೋಂದಣಿಯ ಪ್ರಶ್ನೆಯನ್ನೂ ಕೇಳುತ್ತಾರೆ. ಅವಸರದಲ್ಲಿ ಆ ಚೌಕಕ್ಕೆ ಗುರುತು ಹಾಕಿ, ಆಮೇಲೆ ಪೌರತ್ವದ ಸಂದರ್ಶನದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಗೊತ್ತಿಲ್ಲದೆ ಆದ ತಪ್ಪು ಎಂದರೂ ಅದನ್ನು ಬಿಡಿಸಿಕೊಳ್ಳುವುದು ಬಲು ಕಷ್ಟ. ಆದ್ದರಿಂದ ನಿಮ್ಮ ದೇಶದ ನಿಯಮ ಏನೆಂದು ಚುನಾವಣಾ ಕಚೇರಿಯ ಕಾಗದದಲ್ಲಿ ಓದಿ. ಗೆಳೆಯರ ಕೂಟದಲ್ಲಿ ಕೇಳಿದ್ದನ್ನು ನಂಬಬೇಡಿ.

ಎರಡನೆಯ ತಪ್ಪು ತಿಳಿವಳಿಕೆ ನೆಲೆ ನಿಂತ ದೇಶದ ಕುರಿತದ್ದು. "ನಾವು ಇಲ್ಲಿ ಅತಿಥಿಗಳು, ಬಾಯಿ ಮುಚ್ಚಿಕೊಂಡು ಇರಬೇಕು" ಎಂದು ನಮ್ಮವರೇ ನಮ್ಮವರಿಗೆ ಹೇಳುತ್ತಾರೆ. ಹದಿನಾಲ್ಕು ವರ್ಷ ತೆರಿಗೆ ಕಟ್ಟಿದವನು ಅತಿಥಿಯಲ್ಲ. ಆಸ್ಪತ್ರೆಯ ಸರದಿಯಲ್ಲಿ ಕಾಯುವವನಿಗೆ ಆ ಸರದಿಯ ಬಗ್ಗೆ ಮಾತಾಡುವ ನ್ಯಾಯವಾದ ಹಕ್ಕಿದೆ. ಅದನ್ನು ಕೃತಘ್ನತೆ ಎಂದುಕೊಂಡು ನುಂಗಿದರೆ ಆ ಸಿಟ್ಟು ಕೂಟದಲ್ಲಿ "ಈ ದೇಶ ಮುಗೀತು" ಎಂಬ ಉದ್ಗಾರವಾಗಿ ಹೊರಬರುತ್ತದೆ. ನಿಮ್ಮ ಗೆಳೆಯರಿಗೆ ಆಗಿರುವುದೂ ಇದೇ ಇರಬಹುದು. ಅವರು ತಜ್ಞ ವೈದ್ಯರಿಗಾಗಿ ಎಷ್ಟು ತಿಂಗಳು ಕಾದರು, ಯಾವ ನೋವಿಗೆ ಕಾದರು ಎಂದು ಯಾರಾದರೂ ಕೇಳಿದ್ದೀರಾ?

ಆದರೆ ಎಲ್ಲ ನೆಲವೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. 2024ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ವಿದ್ಯಾರ್ಥಿಗಳ ಹೋರಾಟ ನಡೆಯುತ್ತಿದ್ದಾಗ ಯುಎಇಯಲ್ಲಿ ದುಡಿಯುತ್ತಿದ್ದ ಬಾಂಗ್ಲಾದೇಶಿಗಳು ತಮ್ಮ ದೇಶದ ಸರ್ಕಾರದ ವಿರುದ್ಧ ಬೀದಿಗಿಳಿದರು. ಯುಎಇಯ ಬಗ್ಗೆ ಅವರು ದೂರು ಹೇಳುತ್ತಿರಲಿಲ್ಲ, ಅವರ ಸಂಕಟವೆಲ್ಲ ತವರಿನದು. ಆದರೂ 57 ಜನರಿಗೆ ಶಿಕ್ಷೆಯಾಯಿತು, ಮೂವರಿಗೆ ಜೀವಾವಧಿ, ಉಳಿದವರಲ್ಲಿ ಹೆಚ್ಚಿನವರಿಗೆ ಹತ್ತು ವರ್ಷ. ಢಾಕಾದಲ್ಲಿ ಸರ್ಕಾರ ಬದಲಾದ ಮೇಲೆ ಸೆಪ್ಟೆಂಬರಿನಲ್ಲಿ ಕ್ಷಮಾದಾನ ಸಿಕ್ಕಿತು. ಅನುಮತಿಯಿಲ್ಲದೆ ನಾಲ್ಕು ಜನ ಸೇರಿ ಘೋಷಣೆ ಕೂಗುವುದೇ ಅಪರಾಧವಾಗಿರುವ ದೇಶದಲ್ಲಿ ನೀವಿದ್ದರೆ, ಮುಂದೆ ನಾನು ಹೇಳುವ ಅರ್ಧ ಸಲಹೆ ನಿಮಗೆ ಹೊಂದುವುದಿಲ್ಲ. ವಾಕ್ ಸ್ವಾತಂತ್ರ್ಯ ಇರುವ ದೇಶಗಳಲ್ಲೂ ವೀಸಾದ ಮೇಲಿರುವವರ ನೆಲೆ ಪೌರರ ನೆಲೆಯಷ್ಟು ಗಟ್ಟಿಯಲ್ಲ. ಕಾಯಂ ವಾಸದ ನೆಲೆ ಎರಡರ ನಡುವೆ ಎಲ್ಲೋ ಇದೆ.

ಇನ್ನು ನೀವು ಕೇಳದ, ಆದರೆ ಪತ್ರದ ಸಾಲುಸಾಲಿನಲ್ಲೂ ಇರುವ ಪ್ರಶ್ನೆ: ಇದು ಇಷ್ಟೊಂದು ಉರಿಯುವುದು ಯಾಕೆ?

ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವೆ. ಹೊರಗಿದ್ದವರಿಗೆ ದೂರದ ಬೆಟ್ಟ ಒಂದು ದಿನ ನುಣ್ಣಗೆ ಕಾಣುತ್ತದೆ, ಮರುದಿನ ಹೊತ್ತಿ ಉರಿಯುತ್ತಿರುವಂತೆ ಕಾಣುತ್ತದೆ. ದೂರಕ್ಕೆ ಮುಟ್ಟುವ ಸುದ್ದಿ ಹಾಗಿರುತ್ತದೆ, ಒಂದೋ ಹೆಮ್ಮೆಯದು, ಇಲ್ಲವೇ ಬೆಂಕಿಯದು. ನಡುವಿನ ಸಾಧಾರಣ ಬದುಕು, ನಲ್ಲಿಯಲ್ಲಿ ನೀರು ಬಂದದ್ದು, ಕಚೇರಿಯಲ್ಲಿ ಕೆಲಸ ಸುಸೂತ್ರ ಆದದ್ದು, ಫೋನಿಗೆ ಬರುವುದೇ ಇಲ್ಲ. ಅದರ ಮೇಲೆ ಗಡಿಯಾರದ ತೊಡಕು. ಹೊರಟ ದಿನ ತವರಿನ ಗಡಿಯಾರ ನಮ್ಮ ಮನಸ್ಸಿನಲ್ಲಿ ನಿಂತುಬಿಡುತ್ತದೆ. ನಿಮ್ಮ ಕೂಟದ ಇಬ್ಬರಲ್ಲಿ ಒಬ್ಬರು ಇಂದಿನ ಪರದೇಶವನ್ನು ಸುದ್ದಿಯಲ್ಲಿ ಕಂಡ ಇಂದಿನ ಭಾರತಕ್ಕೆ ಹೋಲಿಸುತ್ತಿದ್ದಾರೆ. ಇನ್ನೊಬ್ಬರು ಇಂದಿನ ಪರದೇಶವನ್ನು ತಾವು ಬಿಟ್ಟುಬಂದ ಅಂದಿನ ಭಾರತಕ್ಕೆ ಹೋಲಿಸುತ್ತಿದ್ದಾರೆ. ಇಬ್ಬರ ಕೈಯಲ್ಲಿರುವ ಅಳತೆಗೋಲೇ ಬೇರೆ, ವಾದ ಮುಗಿಯುವುದಾದರೂ ಹೇಗೆ?

ಎಲ್ಲಕ್ಕಿಂತ ಸೂಕ್ಷ್ಮವಾದ ಕಾರಣ ಮಾತಿನ ಫಲ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು. ರಾಷ್ಟ್ರೀಯತೆಯ ಬಗ್ಗೆ ಬರೆದ ವಿದ್ವಾಂಸ ಬೆನೆಡಿಕ್ಟ್ ಆಂಡರ್ಸನ್ 1992ರಲ್ಲೇ ಇದನ್ನು ದೂರದ ರಾಷ್ಟ್ರೀಯತೆ ಎಂದು ಗುರುತಿಸಿದ್ದರು: ದೂರದಲ್ಲಿದ್ದು ತವರಿನ ರಾಜಕೀಯದಲ್ಲಿ ತೀವ್ರವಾಗಿ ತೊಡಗುವವರು ಅದರ ಪರಿಣಾಮಕ್ಕೆ ಉತ್ತರ ಕೊಡಬೇಕಾಗಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. 2017ರ ಏಪ್ರಿಲ್‌ನಲ್ಲಿ ಟರ್ಕಿಯಲ್ಲಿ ಅಧ್ಯಕ್ಷರಿಗೆ ಭಾರೀ ಅಧಿಕಾರ ಕೊಡುವ ಜನಮತ ನಡೆಯಿತು. ಒಟ್ಟಾರೆ 51.4% ಮಂದಿ ಹೌದು ಎಂದರು. ಜರ್ಮನಿಯಲ್ಲಿ ಮತ ಹಾಕಿದ ಟರ್ಕಿ ಪ್ರಜೆಗಳಲ್ಲಿ ಹೌದು ಎಂದವರು ಸುಮಾರು 63%. ನೋಡಿ, ಆ ಅಧ್ಯಕ್ಷರ ಆಳ್ವಿಕೆಯಲ್ಲಿ ದಿನನಿತ್ಯ ಬದುಕಬೇಕಾದವರಿಗಿಂತ ಹೊರಗಿದ್ದವರು ಹೆಚ್ಚು ಉತ್ಸಾಹ ತೋರಿದರು! ಹಾಗೆಂದು ಹೊರಗಿದ್ದವರೆಲ್ಲ ಹೀಗೆಯೇ ಎಂದು ತೀರ್ಪು ಕೊಡಬಾರದು. ಅದೇ ಜನಮತದಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿದ್ದ ಟರ್ಕಿ ಪ್ರಜೆಗಳಲ್ಲಿ ಬಹುಪಾಲು ಮಂದಿ ಬೇಡ ಎಂದರು. ಯಾರು, ಯಾವಾಗ, ಯಾಕೆ ದೇಶ ಬಿಟ್ಟರು, ಹೋದಲ್ಲಿ ಅವರನ್ನು ಹೇಗೆ ನಡೆಸಿಕೊಂಡರು ಎಂಬುದೂ ಮತದಲ್ಲಿ ಕಾಣಿಸಿಕೊಳ್ಳುತ್ತದೆ. 1961ರ ಒಪ್ಪಂದದ ಮೇಲೆ ಜರ್ಮನಿಗೆ ಬಂದ ಟರ್ಕಿ ಕಾರ್ಮಿಕರನ್ನು ದಶಕಗಟ್ಟಲೆ "ಅತಿಥಿ ಕಾರ್ಮಿಕರು" ಎಂದೇ ಕರೆಯುತ್ತಿದ್ದರು. ಇರುವಲ್ಲಿ ತನ್ನವನೆಂದು ಒಪ್ಪಿಕೊಳ್ಳದಿದ್ದರೆ, ದೂರದಿಂದ "ನೀನು ನಮ್ಮವನು" ಎಂದು ಕೂಗಿದವರ ದನಿ ಬಹಳ ಹಿತವಾಗಿ ಕೇಳುತ್ತದೆ.

ಆಫೀಸಿನಲ್ಲಿ ನಿಮ್ಮ ಮೈ ಉರಿಯುವುದಕ್ಕೂ ಇದೇ ಕಾರಣ. ಸಹೋದ್ಯೋಗಿ ಹೇಳಿದ ಮಾತು ಸರಿಯೇ ಇರಬಹುದು. ಅದನ್ನೇ ನೀವು ಹಿಂದಿನ ದಿನ ಹೆಂಡತಿಗೆ ಹೇಳಿರಲೂಬಹುದು. ಆದರೆ ತಾಯಿಯ ತಪ್ಪನ್ನು ಮಕ್ಕಳು ಹೇಳುವುದು ಬೇರೆ, ಬೀದಿಯವರು ಹೇಳುವುದು ಬೇರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಈಗ ಅಣ್ಣನ ಮಾತು. ನಾನು ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಮ್ಮನ ಮೊಣಕಾಲಿನ ವಿಷಯವನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಜಗಳ ಆದದ್ದು ಅದಾಗಿ ಎರಡು ವಾರಕ್ಕೆ. ಆ ಎರಡು ವಾರ ಅಮ್ಮನನ್ನು ಕೈಹಿಡಿದು ಎಬ್ಬಿಸಿ ನಡೆಸಿದವರು ಯಾರು, ರಾತ್ರಿ ನೋವೆಂದಾಗ ಎದ್ದವರು ಯಾರು, ಆಸ್ಪತ್ರೆಯ ಬಿಲ್ ಕೌಂಟರಿನ ಮುಂದೆ ನಿಂತವರು ಯಾರು? ಆಸ್ಪತ್ರೆ, ರಸ್ತೆ, ಕಚೇರಿ ಎಂದು ನೀವು ಫೋನಿನಲ್ಲಿ ರಾಜ್ಯದ ಸ್ಥಿತಿ ವಿವರಿಸುತ್ತಿದ್ದಾಗ ಅವರು ಆ ಸ್ಥಿತಿಯೊಳಗಿಂದ ಆಗಷ್ಟೇ ಮನೆಗೆ ಬಂದಿದ್ದರು. "ತೆರಿಗೆ ಅಲ್ಲಿ ಕಟ್ಟಿ, ಭಾಷಣ ಇಲ್ಲಿ ಮಾಡಬೇಡ" ಎಂಬುದನ್ನು ನಾನು ರಾಜಕೀಯದ ಮಾತೆಂದು ಓದುವುದಿಲ್ಲ. "ನೀನು ಬರಲಿಲ್ಲ" ಎಂದು ಹೇಳಲಾಗದೆ ಅವರು ಅದನ್ನು ಹೇಳಿದ್ದಾರೆ. ನನ್ನ ಊಹೆ ತಪ್ಪಿರಬಹುದು. ಆದರೆ ಒಡಹುಟ್ಟಿದವರ ನಡುವೆ ಪಕ್ಷ, ನಾಯಕ, ಚುನಾವಣೆ ಎಂದು ನಡೆದ ಎಷ್ಟೋ ಜಗಳಗಳ ತಳದಲ್ಲಿ ವಯಸ್ಸಾದ ತಂದೆತಾಯಿಯ ಆರೈಕೆಯ ಭಾರ ಕೂತಿರುವುದನ್ನು ನಾನು ಕಂಡಿದ್ದೇನೆ.

ಹಾಗೆಂದು ನೀವು ಹೊರಟದ್ದೇ ತಪ್ಪು ಎಂದು ತಲೆ ತಗ್ಗಿಸಬೇಕಾಗಿಲ್ಲ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಒಂದು ಸರಳ ವಿಚಾರ ಮುಂದಿಟ್ಟರು: ಒಂದು ವ್ಯವಸ್ಥೆ ಕೆಟ್ಟಾಗ ಅದರೊಳಗಿನವನಿಗೆ ಎರಡು ದಾರಿ, ಬಿಟ್ಟುಹೋಗುವುದು ಇಲ್ಲವೇ ಇದ್ದು ದನಿ ಎತ್ತುವುದು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಬರ್ಲಿನ್ ಬಿಟ್ಟ ಅವರಿಗೆ ಬಿಟ್ಟುಹೋಗುವುದೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಒಂದು ಹೆಚ್ಚಾದರೆ ಇನ್ನೊಂದು ಕುಗ್ಗುತ್ತದೆ ಎಂಬುದು ಮೊದಲ ಲೆಕ್ಕ. ಆದರೆ 1989ರಲ್ಲಿ ಪೂರ್ವ ಜರ್ಮನಿಯ ಜನ ಹಂಗೇರಿಯ ಗಡಿಯಿಂದ ಸಾವಿರಗಟ್ಟಲೆ ಹೊರಹೋಗುತ್ತಿದ್ದಾಗಲೇ ಲೈಪ್ಜಿಗ್ ನಗರದಲ್ಲಿ ಉಳಿದವರು "ನಾವು ಇಲ್ಲೇ ಇರುತ್ತೇವೆ" ಎಂದು ಕೂಗುತ್ತಾ ಬೀದಿಗೆ ಬಂದರು. ಹೋದವರ ಹೋಗುವಿಕೆ ಉಳಿದವರ ದನಿಗೆ ಬಲ ಕೊಟ್ಟಿತು. 1993ರ ಬರಹವೊಂದರಲ್ಲಿ ಹಿರ್ಷ್‌ಮನ್ ತಮ್ಮ ಹಳೆಯ ಲೆಕ್ಕವನ್ನು ತಿದ್ದಿಕೊಂಡರು. ನನಗೆ ಈ ಪ್ರಸಂಗ ಇಷ್ಟವಾಗುವುದು ಇದಕ್ಕೇ: ಹೋದವನೂ ಉಳಿದವನೂ ಎದುರಾಳಿಗಳೇ ಆಗಬೇಕಿಲ್ಲ. ಉಳಿದವನು ಏನು ಹೊತ್ತಿದ್ದಾನೆಂದು ಹೋದವನಿಗೆ ತಿಳಿದಿರಬೇಕು, ಅಷ್ಟೆ.

ಹಾಗಾದರೆ ಏನು ಮಾಡಬಹುದು ಎಂಬ ಮಾತಿಗೆ ಬರೋಣ. ನನ್ನ ಬಳಿ ಬಂದವರ ಕೈಗೆ ಒಂದು ಹಾಳೆ ಕೊಡುತ್ತೇನೆ. ನಡುವೆ ಗೆರೆ ಎಳೆದು, ಒಂದು ಕಡೆ ತವರು, ಇನ್ನೊಂದು ಕಡೆ ಈ ದೇಶ. ಈ ವಾರ ನಿಮ್ಮನ್ನು ಸಿಟ್ಟಿಗೆಬ್ಬಿಸಿದ್ದನ್ನೆಲ್ಲ ಬರೆಯಿರಿ ಎನ್ನುತ್ತೇನೆ. ಒಬ್ಬ ನರ್ಸ್ ಬರೆದ ಹಾಳೆ ಈಗಲೂ ಕಣ್ಣಮುಂದಿದೆ. ತವರಿನ ಕಡೆ ಒಂಬತ್ತು ವಿಷಯ, ಎಲ್ಲವೂ ದೊಡ್ಡ ಅಕ್ಷರದಲ್ಲಿ. ಈ ದೇಶದ ಕಡೆ ಒಂದೇ, ತುದಿಯಲ್ಲಿ ಸಣ್ಣದಾಗಿ: "ಬೆಳಗಿನ ಪಾಳಿಯ ಬಸ್ ನಿಲ್ಲಿಸಿದ್ದಾರೆ." ಹತ್ತರಲ್ಲಿ ಅವಳ ಮೈಮೇಲೆ ಬಿದ್ದದ್ದು ಅದೊಂದೇ. ದಿನಾ ನಸುಕಿನಲ್ಲಿ ನಲವತ್ತು ನಿಮಿಷ ಕತ್ತಲೆಯಲ್ಲಿ ನಡೆಯುತ್ತಿದ್ದಳು. ಬಸ್ ಮಾರ್ಗ ಬದಲಿಸುವ ಮುನ್ನ ಪಾಲಿಕೆ ಜನರ ಅಭಿಪ್ರಾಯ ಕೇಳುತ್ತದೆ, ಅದಕ್ಕೆ ಪೌರತ್ವ ಬೇಕಿಲ್ಲ ಎಂಬುದು ಏಳು ವರ್ಷವಾದರೂ ಅವಳಿಗೆ ಗೊತ್ತಿರಲಿಲ್ಲ. ಅದೇ ಪಾಳಿಯ ಹನ್ನೊಂದು ಮಂದಿಯ ಸಹಿ ಹಾಕಿಸಿ ಅರ್ಜಿ ಕೊಟ್ಟಳು. ಪೂರಾ ಮಾರ್ಗ ವಾಪಸ್ ಬರಲಿಲ್ಲ, ಬೆಳಗಿನ ಒಂದು ಬಸ್ ಬಂತು. ತವರಿನ ಒಂಬತ್ತು ವಿಷಯಗಳ ಬಗ್ಗೆ ಅವಳ ಕಾಳಜಿ ಕಡಿಮೆಯಾಗಲಿಲ್ಲ, ಆದರೆ ಅವುಗಳ ಬಗ್ಗೆ ಮಾತಾಡುವಾಗ ಕೂಗುವುದು ನಿಂತಿತು. ಆ ಹಾಳೆ ನಿಮಗೂ ಹೇಳುತ್ತೇನೆ, ಒಂದು ಸಣ್ಣ ಸೇರ್ಪಡೆಯೊಂದಿಗೆ: ಪ್ರತಿ ಸಾಲಿನ ಮುಂದೆ "ಇದು ಯಾರ ಮೇಲೆ ಬಿತ್ತು?" ಎಂದು ಬರೆಯಿರಿ. ನಿಮ್ಮ ಮೇಲೆ ಬಿದ್ದದ್ದರ ಬಗ್ಗೆ ಗಟ್ಟಿಯಾಗಿ ಮಾತಾಡಿ. ಬೇರೆಯವರ ಮೇಲೆ ಬಿದ್ದದ್ದರ ಬಗ್ಗೆ ಮೊದಲು ಅವರನ್ನು ಕೇಳಿ, ಆಮೇಲೆ ಮಾತಾಡಿ.

ಮತದ ಹಕ್ಕಿಲ್ಲದಿದ್ದರೂ ಕಾರ್ಮಿಕ ಸಂಘ, ಶಾಲೆಯ ಪೋಷಕರ ಸಮಿತಿ, ಬಾಡಿಗೆದಾರರ ಸಂಘ ಇವೆಲ್ಲ ಹೆಚ್ಚಿನ ದೇಶಗಳಲ್ಲಿ ತೆರೆದೇ ಇರುತ್ತವೆ. ಇದರ ಕಷ್ಟ ಏನೆಂದರೆ ನಿಧಾನ, ಭಾಷೆಯ ಹಿಂಜರಿಕೆ, ಮೊದಲ ಮೂರು ಸಭೆಯಲ್ಲಿ ಯಾರೂ ಮುಖ ನೋಡುವುದಿಲ್ಲ. ಹಣದ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಇದ್ದವರು ಚುನಾವಣಾ ದೇಣಿಗೆ ಕೊಡಬಹುದು, ತಾತ್ಕಾಲಿಕ ವೀಸಾದವರು ಕೊಡುವಂತಿಲ್ಲ.

ತವರಿಗೆ ದನಿ ಕೊಡುವ ದಾರಿಯಲ್ಲಿ ಮೊದಲ ಹೆಜ್ಜೆ ಫಾರಂ 6ಎ, ಅದರಲ್ಲಿ ಅಪಾಯವೇನೂ ಇಲ್ಲ. ಹಣದ ಕಾನೂನು ಭಾರತದಲ್ಲೂ ಇದೆ: ವಿದೇಶಿ ದೇಣಿಗೆಯ 2010ರ ಕಾಯಿದೆಯಡಿ, ಪೌರತ್ವ ಬದಲಿಸಿದ ಭಾರತ ಮೂಲದವರ ದುಡ್ಡು ವಿದೇಶಿ ಮೂಲದ ದುಡ್ಡು ಎನಿಸುತ್ತದೆ, ರಾಜಕೀಯ ಪಕ್ಷಗಳು ಅದನ್ನು ಪಡೆಯುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ನಿಮಗೆ ಆ ನಿರ್ಬಂಧವಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಫಾರ್ವರ್ಡ್ ಮಾಡುವ ಬೆರಳಿನದು. ರಾತ್ರಿ ಹನ್ನೊಂದಕ್ಕೆ ನೀವು ಕಳಿಸಿದ ಒಂದು ವಿಡಿಯೊ ನಾಳೆ ಬೆಳಿಗ್ಗೆ ಅಲ್ಲಿನ ಕುಟುಂಬದ ಗುಂಪಿನಿಂದ ಬೀದಿಯ ಗುಂಪಿಗೆ ಹೋಗುತ್ತದೆ. ಅದು ಸುಳ್ಳಾಗಿದ್ದು ಗಲಾಟೆಯಾದರೆ ಪೊಲೀಸರು ಬಾಗಿಲು ತಟ್ಟುವುದು ಅಣ್ಣನ ಮನೆಯದ್ದು.

ಪೌರತ್ವದ ಅರ್ಜಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಿಗುವುದು ದೊಡ್ಡದು: ಮತ, ಚುನಾವಣೆಗೆ ನಿಲ್ಲುವ ಅವಕಾಶ, ನಿಯಮ ಬದಲಾದರೆ ಏನಾಗುವುದೋ ಎಂಬ ಭಯದಿಂದ ಬಿಡುಗಡೆ. ಕಳೆದುಕೊಳ್ಳುವುದೂ ಸಣ್ಣದಲ್ಲ. 1955ರ ಪೌರತ್ವ ಕಾಯಿದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣದಿಂದ ನೀವು ಭಾರತದ ಪ್ರಜೆಯಲ್ಲ, ಅದಕ್ಕೆ ಯಾರೂ ಆದೇಶ ಹೊರಡಿಸಬೇಕಾಗಿಲ್ಲ. ಆಮೇಲೆ ಹಳೆಯ ಪಾಸ್‌ಪೋರ್ಟ್‌ನಲ್ಲಿ ಪ್ರಯಾಣ ಮಾಡುವುದು ಅಪರಾಧ, ಅದನ್ನು ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಜರ್ಮನಿ 2024ರ ಜೂನ್ 27ರಿಂದ ಇಬ್ಬಗೆಯ ಪೌರತ್ವಕ್ಕೆ ಒಪ್ಪಿತು ಎಂದು ಸಂಭ್ರಮಿಸಿದ ನಮ್ಮವರು ಎಷ್ಟೋ ಮಂದಿ. ಒಪ್ಪಿದ್ದು ಜರ್ಮನಿ, ಭಾರತ ಒಪ್ಪಿಲ್ಲ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ, 2005ರಲ್ಲಿ ಜಾರಿಗೆ ಬಂದ ಒಸಿಐ ಕಾರ್ಡನ್ನು ಇಬ್ಬಗೆಯ ಪೌರತ್ವ ಎಂದು ತಿಳಿದವರೂ ಇದ್ದಾರೆ. ಅದು ಬಂದುಹೋಗಲು, ಇರಲು ಅನುಕೂಲ ಮಾಡುವ ಕಾರ್ಡು. ಅದರಲ್ಲಿ ಮತವಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬರುವ ಜಮೀನು ಬೇರೆ ಮಾತು, ಆದರೆ ಅದರ ಪಾಲು ಪತ್ರ ಆಗದೆ ಉಳಿದಿದ್ದರೆ ಹೊಸ ಪೌರತ್ವದ ಪ್ರಮಾಣವಚನಕ್ಕೆ ಮುಂಚೆಯೇ ವಕೀಲರ ಹತ್ತಿರ ಕೇಳಿ. ಇನ್ನೊಂದು ಮಾತು, ಇದು ನನ್ನ ಅನುಭವದ್ದು. ಹೊಸ ಪಾಸ್‌ಪೋರ್ಟ್ ಬಂದ ಮೇಲೂ "ನೀವು ಮೂಲತಃ ಎಲ್ಲಿಯವರು?" ಎಂಬ ಪ್ರಶ್ನೆ ನಿಲ್ಲುವುದಿಲ್ಲ. ಆ ಪ್ರಶ್ನೆ ನಿಲ್ಲಲಿ ಎಂದು ಅರ್ಜಿ ಹಾಕಿದವರು ನಿರಾಶರಾಗಿದ್ದಾರೆ. ಇಲ್ಲಿನ ಶಾಲೆ, ಆಸ್ಪತ್ರೆ, ತೆರಿಗೆಯ ಬಗ್ಗೆ ತೀರ್ಮಾನಿಸುವವರಲ್ಲಿ ನಾನೂ ಒಬ್ಬನಾಗಬೇಕು ಎಂದು ಹಾಕಿದವರಿಗೆ ಪಶ್ಚಾತ್ತಾಪ ಆದದ್ದು ನಾನು ಕಂಡಿಲ್ಲ.

ವಾಪಸ್ ಹೋಗುವುದರ ಬಗ್ಗೆ: ಹೋಗಬಹುದು, ಒಳ್ಳೆಯ ಬದುಕು ಕಟ್ಟಿಕೊಂಡವರಿದ್ದಾರೆ. ಸಿಟ್ಟಿನಲ್ಲಿ ಮಾತ್ರ ಹೋಗಬೇಡಿ. ಇಲ್ಲಿನ ಸರ್ಕಾರದ ಮೇಲಿನ ಸಿಟ್ಟಿಗೆ ಹೊರಟವರು ಅಲ್ಲಿ ಆರು ತಿಂಗಳಿಗೇ ಅದೇ ಸಿಟ್ಟನ್ನು ಬೇರೆ ಹೆಸರು ಹಿಡಿದು ಶುರು ಮಾಡಿದ್ದನ್ನು ನೋಡಿದ್ದೇನೆ. ಹೋಗುವ ಮನಸ್ಸಿದ್ದರೆ ಮೊದಲು ಎರಡು ಮೂರು ತಿಂಗಳು, ರಜೆಗೆ ಬಂದ ನೆಂಟನಂತಲ್ಲ, ಕಚೇರಿಯ ಸರದಿಯಲ್ಲಿ ನಿಂತು, ಬಿಲ್ ಕಟ್ಟಿ, ಅಮ್ಮನನ್ನು ತಪಾಸಣೆಗೆ ಕರೆದುಕೊಂಡು ಹೋಗಿ ಇದ್ದು ನೋಡಿ. ಅಣ್ಣನಿಗೂ ಅಷ್ಟು ದಿನ ಉಸಿರು ಬಿಟ್ಟಂತಾಗುತ್ತದೆ.

ಕೂಟಕ್ಕೆ ಒಂದೇ ನಿಯಮ ಸಾಕು: ಹೋಲಿಸುವುದಾದರೆ ಅದೇ ವಿಷಯ, ಅದೇ ವರ್ಷ, ತಾನು ಕಂಡದ್ದು. ಬಿಟ್ಟುಹೋದ ಆ ಎರಡು ಮನೆಯವರನ್ನು ನೀವೇ ಹೋಗಿ ಕರೆಯಿರಿ. ಆಫೀಸಿನಲ್ಲಿ ಭಾರತದ ವಕೀಲರಾಗಬೇಕಿಲ್ಲ. "ಈ ಮಾತಿನಲ್ಲಿ ಅರ್ಧ ಸರಿ, ಉಳಿದರ್ಧ ಹೇಳಲು ನನಗೆ ಅರ್ಧ ಗಂಟೆ ಬೇಕು" ಎಂದರೆ, ನಿಜವಾಗಿ ತಿಳಿಯಬೇಕೆಂದಿದ್ದವರು ಆ ಅರ್ಧ ಗಂಟೆ ಕೊಡುತ್ತಾರೆ.

ಅಣ್ಣನಿಗೆ ಈ ವಾರವೇ ಫೋನ್ ಮಾಡಿ. ಅಮ್ಮ ಈಗ ಎಷ್ಟು ಹೆಜ್ಜೆ ನಡೆಯುತ್ತಾರೆ, ಮೆಟ್ಟಿಲು ಹತ್ತುತ್ತಾರಾ, ಫಿಸಿಯೋಥೆರಪಿಗೆ ಯಾರು ಕರೆದೊಯ್ಯುತ್ತಾರೆ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಬೇರೆ ಮಾತು ತೆಗೆಯಬೇಡಿ. "ಆಗ ನಾನು ಬರಬೇಕಿತ್ತು ಅಣ್ಣ" ಎನ್ನುವುದು ನಿಮಗೆ ನಿಜ ಅನಿಸಿದರೆ ಅದನ್ನೂ ಹೇಳಿ. ರಾಜಕೀಯ ತಾನಾಗಿ ಬಂದರೆ ಈ ಸಲ ಅವರೇ ಹೇಳಲಿ, ನೀವು ಕೇಳಿ.

ಮಗಳಿಗೆ ಉತ್ತರವಾಗಿ ಡ್ರಾಯರ್‌ನಲ್ಲಿರುವ ಅರ್ಜಿಯನ್ನು ತೆಗೆದು ಅವಳ ಜೊತೆ ಕೂತು ಓದಿ. ಸಹಿ ಈಗಲೇ ಬೇಡ. ಹಲವು ದೇಶಗಳಲ್ಲಿ 18 ತುಂಬದ ಮಕ್ಕಳನ್ನು ತಂದೆಯ ಅಥವಾ ತಾಯಿಯ ಅರ್ಜಿಯ ಜೊತೆಗೇ ಸೇರಿಸಬಹುದು, 18 ದಾಟಿದರೆ ಅವರು ಬೇರೆ ಅರ್ಜಿ ಹಾಕಿ ಎಲ್ಲ ಷರತ್ತುಗಳನ್ನೂ ಹೊಸದಾಗಿ ಪೂರೈಸಬೇಕು. ನಿಮ್ಮ ದೇಶದಲ್ಲಿ ಆ ನಿಯಮ ಹೇಗಿದೆ, ಅರ್ಜಿ ಹಾಕಿದ ದಿನದ ವಯಸ್ಸು ಲೆಕ್ಕವೋ ತೀರ್ಮಾನದ ದಿನದ್ದೋ ಎಂದು ವಲಸೆ ಕಚೇರಿಗೆ ಬರೆದು, ಉತ್ತರವನ್ನು ಬರಹದಲ್ಲೇ ಪಡೆಯಿರಿ. ನಿಮಗೆ ಯೋಚಿಸಲು ಇನ್ನೂ ವರ್ಷಗಳಿವೆ. ಅವಳಿಗಿರುವುದು ಎರಡು ವರ್ಷಕ್ಕಿಂತ ಕಡಿಮೆ.